ಕ್ಯಾಮೆರಾ ಮುಂದೆ ನಟ, ಕಪಾಟಿನ ಮುಂದೆ ಪತ್ತೇದಾರ

'ಬ್ರಿಜೆಟ್ ಜೋನ್ಸಸ್ ಡೈರಿ' ಚಿತ್ರದಲ್ಲಿ ಒಂದು ದೃಶ್ಯವಿದೆ. ಹೊಸದಾಗಿ ಟಿವಿ ಕೆಲಸಕ್ಕೆ ಸೇರಿದ ನಾಯಕಿ ನೇರಪ್ರಸಾರದಲ್ಲಿ ಅಗ್ನಿಶಾಮಕ ಠಾಣೆಯ ಕಂಬದಿಂದ ಜಾರಿ ಇಳಿಯುತ್ತಾಳೆ, ಇಳಿದವಳು ನೇರವಾಗಿ ಕ್ಯಾಮೆರಾದ ಮೇಲೆಯೇ ಕೂರುತ್ತಾಳೆ. ಅವಳನ್ನು ಆ ಪೇಚಿಗೆ ತಳ್ಳಿದ ಚುರುಕು ನಾಲಿಗೆಯ ಬಾಸ್ ರಿಚರ್ಡ್ ಫಿಂಚ್. ಆ ಪಾತ್ರ ಮಾಡಿದವರು ನೀಲ್ ಪಿಯರ್ಸನ್. 2001ರಲ್ಲಿ ಬಂದ ಆ ಚಿತ್ರವನ್ನು ನೋಡಿದವರಿಗೆ ಮುಖ ನೆನಪಿರಬಹುದು. ಆದರೆ ಅದೇ ಮನುಷ್ಯ ಹಳೆಯ ಪುಸ್ತಕಗಳ ಲೋಕದಲ್ಲಿ ಹೆಸರು ಮಾಡಿದ ವಿದ್ವಾಂಸ ಮತ್ತು ವ್ಯಾಪಾರಿ ಎನ್ನುವುದು ಚಿತ್ರರಸಿಕರಲ್ಲಿ ಹೆಚ್ಚಿನವರಿಗೆ ತಿಳಿದಿರಲಾರದು.

ಪಿಯರ್ಸನ್ ಹುಟ್ಟಿದ್ದು 1959ರಲ್ಲಿ, ಲಂಡನ್ನಿನ ಬ್ಯಾಟರ್‌ಸೀಯಲ್ಲಿ. ಓದಿದ್ದು ಸಫೊಕ್ ಪ್ರಾಂತ್ಯದ ವುಲ್ವರ್‌ಸ್ಟನ್ ಹಾಲ್ ಎಂಬ ಸರ್ಕಾರಿ ವಸತಿಶಾಲೆಯಲ್ಲಿ, ನಟನೆ ಕಲಿತದ್ದು ಲಂಡನ್ನಿನ ಸೆಂಟ್ರಲ್ ಸ್ಕೂಲ್ ಆಫ್ ಸ್ಪೀಚ್ ಅಂಡ್ ಡ್ರಾಮಾದಲ್ಲಿ. ಬ್ರಿಟನ್ನಿನ ಮನೆಮನೆಗೆ ಅವರನ್ನು ಪರಿಚಯಿಸಿದ್ದು ಕಿರುತೆರೆ. 1990ರಲ್ಲಿ ಆರಂಭವಾದ 'ಡ್ರಾಪ್ ದಿ ಡೆಡ್ ಡಾಂಕಿ' ಎಂಬ ಹಾಸ್ಯ ಧಾರಾವಾಹಿ ಒಂದು ಸುದ್ದಿವಾಹಿನಿಯ ಕಚೇರಿಯಲ್ಲಿ ನಡೆಯುವಂಥದ್ದು. ಆ ವಾರದ ರಾಜಕೀಯವೇ ಆ ವಾರದ ನಗೆಯಾಗಲಿ ಎಂದು ಪ್ರತಿ ಕಂತನ್ನೂ ಪ್ರಸಾರಕ್ಕೆ ತೀರಾ ಹತ್ತಿರದಲ್ಲಿ ಚಿತ್ರೀಕರಿಸುತ್ತಿದ್ದರು. ಅದರಲ್ಲಿ ಜೂಜುಕೋರ, ಹೆಣ್ಣುಗಳ ಹಿಂದೆ ಬೀಳುವ ಉಪಸಂಪಾದಕ ಡೇವ್ ಚಾರ್ನ್‌ಲಿ ಅವರ ಪಾತ್ರ. 1992ರಿಂದ 94ರವರೆಗೆ ಬಿಬಿಸಿಯ 'ಬಿಟ್ವೀನ್ ದಿ ಲೈನ್ಸ್' ಧಾರಾವಾಹಿಯಲ್ಲಿ ಪೊಲೀಸರ ಮೇಲಿನ ದೂರುಗಳನ್ನೇ ತನಿಖೆ ಮಾಡುವ ಪೊಲೀಸ್ ಅಧಿಕಾರಿ ಟೋನಿ ಕ್ಲಾರ್ಕ್. ಇಷ್ಟು ಅವರ ನಟನೆಯ ಕಥೆ. ನಮಗೆ ಬೇಕಾದದ್ದು ಇದರ ಪಕ್ಕದಲ್ಲೇ ಹರಿದ ಇನ್ನೊಂದು ಕಥೆ.

2007ರಲ್ಲಿ ಲಿವರ್‌ಪೂಲ್ ವಿಶ್ವವಿದ್ಯಾಲಯದ ಪ್ರಕಾಶನ ಸಂಸ್ಥೆ ಪಿಯರ್ಸನ್ ಬರೆದ 'ಒಬೆಲಿಸ್ಕ್' ಎಂಬ ದಪ್ಪ ಪುಸ್ತಕವನ್ನು ಹೊರತಂದಿತು. ನಟರು ಬರೆಯುವ ಪುಸ್ತಕವೆಂದರೆ ಸಾಮಾನ್ಯವಾಗಿ ಆತ್ಮಕಥೆ. ಇದು ಹಾಗಲ್ಲ. ಹತ್ತು ವರ್ಷ ನಡೆದು ಮುಚ್ಚಿಹೋದ ಪ್ಯಾರಿಸ್ಸಿನ ಒಂದು ಸಣ್ಣ ಪ್ರಕಾಶನ ಹೊರತಂದ ಪುಸ್ತಕಗಳನ್ನೆಲ್ಲ ಒಂದೊಂದಾಗಿ ಹುಡುಕಿ, ಬಿಡಿಸಿ, ಅಳೆದು ಮಾಡಿದ ವಿವರ ಸೂಚಿ, ಜೊತೆಗೆ ಅದರ ಮಾಲೀಕನ ಬದುಕು. ಎಷ್ಟು ಪುಟ, ಯಾವ ಬಣ್ಣದ ಹೊದಿಕೆ, ಬೆನ್ನಿನ ಮೇಲೆ ಎಷ್ಟು ಫ್ರಾಂಕ್ ಬೆಲೆ, ಎಷ್ಟನೇ ಮುದ್ರಣದಲ್ಲಿ ಏನು ಬದಲಾಯಿತು ಎಂಬ ಬಗೆಯ ಕೆಲಸ. ಪಿಎಚ್‌ಡಿ ವಿದ್ಯಾರ್ಥಿಯೂ ಅರ್ಧಕ್ಕೆ ಬಿಟ್ಟು ಓಡುವಂಥದ್ದು.

ಇಷ್ಟು ಶ್ರಮಪಡಲು ಆ ಪ್ರಕಾಶನದಲ್ಲಿ ಏನಿತ್ತು? ಇದು ಗೊತ್ತಾಗಬೇಕಾದರೆ ಇಂಗ್ಲೆಂಡಿನ ಕಾನೂನಿನಿಂದ ಆರಂಭಿಸಬೇಕು.

1857ರ ಅಶ್ಲೀಲ ಪ್ರಕಟಣೆಗಳ ಕಾಯ್ದೆ ಪುಸ್ತಕಗಳನ್ನು ವಶಪಡಿಸಿಕೊಂಡು ನಾಶಮಾಡುವ ಅಧಿಕಾರವನ್ನು ಮ್ಯಾಜಿಸ್ಟ್ರೇಟರಿಗೆ ಕೊಟ್ಟಿತು. ಅಶ್ಲೀಲವೆಂದರೆ ಏನು ಎಂದು ಅದು ಹೇಳಲಿಲ್ಲ. ಆ ಕೊರತೆಯನ್ನು ತುಂಬಿದ್ದು 1868ರ ಹಿಕ್ಲಿನ್ ತೀರ್ಪು. ಕೆಡುವ ಮನಸ್ಸಿನವರ ಕೈಗೆ ಸಿಕ್ಕರೆ ಅವರನ್ನು ಕೆಡಿಸುವಂಥ ಬರಹ ಅಶ್ಲೀಲ ಎಂದು ಅದು ಅಳತೆಗೋಲನ್ನು ನಿಗದಿ ಮಾಡಿತು. ಪುಸ್ತಕದ ಉದ್ದೇಶವಾಗಲಿ, ಸಾಹಿತ್ಯದ ಗುಣವಾಗಲಿ ಲೆಕ್ಕಕ್ಕೆ ಬರಲಿಲ್ಲ. ಎಲ್ಲೋ ಒಂದು ಪುಟ ಸಿಕ್ಕರೂ ಸಾಕಿತ್ತು. ಲೇಖಕ, ಪ್ರಕಾಶಕರ ಜೊತೆ ಮುದ್ರಕನೂ ಹೊಣೆಗಾರನಾಗುತ್ತಿದ್ದ. ಹಾಗಾಗಿ ಎಷ್ಟೋ ಹಸ್ತಪ್ರತಿಗಳಿಗೆ ನ್ಯಾಯಾಲಯದವರೆಗೆ ಹೋಗುವ ಭಾಗ್ಯವೂ ಸಿಗಲಿಲ್ಲ. ಅಚ್ಚುಮೊಳೆ ಜೋಡಿಸುವವನೇ ಒಲ್ಲೆ ಎನ್ನುತ್ತಿದ್ದ. (ಈ ಹಿಕ್ಲಿನ್ ನಮಗೂ ದೂರದವನಲ್ಲ. ಡಿ.ಎಚ್. ಲಾರೆನ್ಸರ ಕಾದಂಬರಿಯೊಂದನ್ನು ಮಾರಿದ ಮುಂಬೈ ಪುಸ್ತಕ ವ್ಯಾಪಾರಿಯ ಶಿಕ್ಷೆಯನ್ನು 1964ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು ಇದೇ ಅಳತೆಗೋಲಿನಿಂದ. ಅದನ್ನು ಕೈಬಿಟ್ಟದ್ದು 2014ರಲ್ಲಿ.)

ಇತ್ತ ಫ್ರಾನ್ಸಿನಲ್ಲಿ, ಇಂಗ್ಲಿಷಿನಲ್ಲಿ ಏನು ಅಚ್ಚಾದರೂ ಅಲ್ಲಿನ ಅಧಿಕಾರಿಗಳು ಅಷ್ಟಾಗಿ ತಲೆಕೆಡಿಸಿಕೊಳ್ಳುತ್ತಿರಲಿಲ್ಲ. ಓದಿ ಕೆಡಬೇಕಾದವರು ಫ್ರೆಂಚರಲ್ಲವಲ್ಲ! ಈ ಸಂದಿಯನ್ನು ಕಂಡವನು ಜಾಕ್ ಕಹಾನ್. 1887ರಲ್ಲಿ ಮ್ಯಾಂಚೆಸ್ಟರಿನಲ್ಲಿ ಹುಟ್ಟಿದವನು, ಬಟ್ಟೆ ವ್ಯಾಪಾರದ ಹಿನ್ನೆಲೆಯವನು. ಮೊದಲನೇ ಮಹಾಯುದ್ಧದಲ್ಲಿ ಗಾಯಗೊಂಡು, ಫ್ರೆಂಚ್ ಹೆಣ್ಣನ್ನು ಮದುವೆಯಾಗಿ ಅಲ್ಲೇ ನಿಂತ. 1929ರಲ್ಲಿ ಲಂಡನ್ ಪೊಲೀಸರು ನೋರಾ ಜೇಮ್ಸ್ ಎಂಬ ಲೇಖಕಿಯ ಕಾದಂಬರಿಯ ಪ್ರತಿಗಳನ್ನು ವಶಪಡಿಸಿಕೊಂಡಾಗ ಕಹಾನ್ ಒಬ್ಬ ಫ್ರೆಂಚ್ ಪಾಲುದಾರನ ಜೊತೆ ಸೇರಿ ಅದನ್ನೇ ಪ್ಯಾರಿಸ್ಸಿನಲ್ಲಿ ಅಚ್ಚು ಹಾಕಿಸಿದ. ಲಂಡನ್ನಿನ ನಿಷೇಧವೇ ಪುಕ್ಕಟೆ ಜಾಹೀರಾತು. ಒಬೆಲಿಸ್ಕ್ ಪ್ರೆಸ್ ಹುಟ್ಟಿದ್ದು ಹೀಗೆ.

ಕಹಾನನ ಲೆಕ್ಕಾಚಾರ ನನಗೆ ತುಂಬ ಇಷ್ಟವಾದ ಭಾಗ. ಪ್ರವಾಸಿಗಳು ಕದ್ದುಮುಚ್ಚಿ ಕೊಳ್ಳುವ ತುಂಟ ಕಾದಂಬರಿಗಳನ್ನು ಮಾರಿ ಬಂದ ಹಣದಿಂದ, ಯಾರೂ ಮುಟ್ಟಲು ಹೆದರುವ ಒಳ್ಳೆಯ ಸಾಹಿತ್ಯವನ್ನು ತರುವುದು. ತುಂಟ ಕಾದಂಬರಿ ಬರೆಯುವವರು ಸಾಲದಿದ್ದಾಗ ಸೆಸಿಲ್ ಬಾರ್ ಎಂಬ ಹೆಸರಿಟ್ಟುಕೊಂಡು ತಾನೇ ಬರೆದ. ಅದೇ ಒಬೆಲಿಸ್ಕ್ ಹೆಸರಿನಲ್ಲಿ 1932ರಲ್ಲಿ ಜೇಮ್ಸ್ ಜಾಯ್ಸನ ಪುಟ್ಟ ಕವನ ಸಂಕಲನವೊಂದು ಕವಿಯ ಕೈಬರಹದಲ್ಲೇ, ಮಗಳು ಲೂಸಿಯಾ ಚಿತ್ರಿಸಿದ ಅಲಂಕೃತ ಮೊದಲಕ್ಷರಗಳೊಂದಿಗೆ ಬಂತು. ಬರೀ 25 ಪ್ರತಿ. ಒಂದೇ ಅಂಗಡಿಯಲ್ಲಿ ಬೀಡಿಯೂ ಶ್ರೀಗಂಧವೂ.

1934ರ ಸೆಪ್ಟೆಂಬರಿನಲ್ಲಿ ಕಹಾನ್ ಹೆನ್ರಿ ಮಿಲ್ಲರನ 'ಟ್ರಾಪಿಕ್ ಆಫ್ ಕ್ಯಾನ್ಸರ್' ಪ್ರಕಟಿಸಿದ. ಎರಡು ವರ್ಷ ಹಿಂದುಮುಂದು ನೋಡಿ, ಕೊನೆಗೆ ಲೇಖಕಿ ಅನಾಯಿಸ್ ನಿನ್ ಹಣ ಹೊಂದಿಸಿಕೊಟ್ಟ ಮೇಲೆ. ಹೊದಿಕೆಗೆ ಚಿತ್ರ ಬರೆದವನು ಅವನ ಹದಿಹರೆಯದ ಮಗ ಮೋರಿಸ್: ಮನುಷ್ಯ ದೇಹವನ್ನು ಕೊಂಡಿಗಳಲ್ಲಿ ಹಿಡಿದ ದೊಡ್ಡ ಏಡಿ. ಬ್ರಿಟನ್ನಿಗೂ ಅಮೆರಿಕಕ್ಕೂ ಒಯ್ಯಬಾರದು ಎಂಬ ಎಚ್ಚರಿಕೆ ಪುಸ್ತಕದ ಮೇಲೆಯೇ ಅಚ್ಚಾಗಿತ್ತು. ಯಾವ ಎರಡು ದೇಶದವರು ಕೊಳ್ಳಲೆಂದು ಅಚ್ಚು ಹಾಕಿದ್ದನೋ ಆ ಎರಡು ದೇಶಗಳ ಹೆಸರು! ಅಮೆರಿಕದಲ್ಲಿ ಅದು ಬಹಿರಂಗವಾಗಿ ಪ್ರಕಟವಾಗಲು 1961 ಆಗಬೇಕಾಯಿತು, ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ಗೆಲ್ಲಲು 1964. ನಮ್ಮ ಜಲಂಧರದಲ್ಲಿ ಹುಟ್ಟಿದ ಲಾರೆನ್ಸ್ ಡರೆಲ್ ಕೂಡ 1938ರಲ್ಲಿ ಒಬೆಲಿಸ್ಕ್ ಲೇಖಕನಾದ. 1939ರ ಆಗಸ್ಟಿನಲ್ಲಿ ಅನಾಯಿಸ್ ನಿನ್‌ಳ ಪುಸ್ತಕ ಬಂತು. ಸೆಪ್ಟೆಂಬರ್ ಆರಂಭದಲ್ಲಿ ಯುದ್ಧವೂ ಬಂತು, ಅದೇ ವಾರ ಕಹಾನ್ ತೀರಿಕೊಂಡ.

ಪಿಯರ್ಸನ್ ಕೈಹಾಕಿದ್ದು ಈ ಕಾಡಿಗೆ. ಕಾಡು ಎನ್ನಲು ಕಾರಣವಿದೆ. ಕದ್ದು ಸಾಗಿಸಬೇಕಾದ ಪುಸ್ತಕ ತನ್ನ ದಾಖಲೆಯನ್ನು ತಾನೇ ಅಳಿಸಿಕೊಳ್ಳುತ್ತದೆ. ಸುಂಕದವರು ಸುಟ್ಟದ್ದು ಎಷ್ಟೋ. ಸಿಕ್ಕಿಬೀಳಬಾರದೆಂದು ಹೊದಿಕೆ ಕಿತ್ತೆಸೆದವರು ಎಷ್ಟೋ. ಅದರ ಮೇಲೆ ಫ್ರೆಂಚ್ ಪುಸ್ತಕಗಳು ಆಗ ಬರುತ್ತಿದ್ದದ್ದು ತೆಳು ಕಾಗದದ ಹೊದಿಕೆಯಲ್ಲಿ. ಕೊಂಡವನು ಅದನ್ನು ಬೈಂಡರನಿಗೆ ಕೊಟ್ಟು ತನಗೆ ಬೇಕಾದ ರಟ್ಟು ಹಾಕಿಸಿಕೊಳ್ಳುತ್ತಿದ್ದ, ಬೈಂಡರ್ ಮೂಲ ಹೊದಿಕೆಯನ್ನು ಕಸಕ್ಕೆ ಹಾಕುತ್ತಿದ್ದ. ಹೀಗಾಗಿ ಏಡಿಯ ಚಿತ್ರವಿರುವ ಹೊದಿಕೆ ಹರಿಯದೆ ಉಳಿದ ಪ್ರತಿ ಸಿಕ್ಕಿತೆಂದರೆ ಸಂಗ್ರಾಹಕನಿಗೆ ಹಬ್ಬ.

ಬೈಂಡರನ ಈ ಕೈಚಳಕ ನನಗೂ ಗೊತ್ತು. ಬೆಂಗಳೂರಿನ ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಒಮ್ಮೆ ಹಳೆಯ ಕನ್ನಡ ಕಾದಂಬರಿಯೊಂದನ್ನು ಕೊಂಡಿದ್ದೆ. ಬೆನ್ನು ಬಿಟ್ಟಿತ್ತು, ರಕ್ಷಾಪುಟ ಮಾತ್ರ ಗಟ್ಟಿಮುಟ್ಟಾಗಿತ್ತು. ಚೆನ್ನಾಗಿ ಬೈಂಡ್ ಮಾಡಿಕೊಡಿ ಎಂದು ಕೊಟ್ಟು ಬಂದೆ. ವಾರದ ಮೇಲೆ ಕೈಗೆ ಬಂದದ್ದು ಕಂದು ರಟ್ಟಿನ, ಮೂರು ಬದಿಯೂ ನುಣ್ಣಗೆ ಕತ್ತರಿಸಿದ ಇಟ್ಟಿಗೆ. ರಕ್ಷಾಪುಟ ಎಲ್ಲಿ ಎಂದರೆ, 'ಹಳೇದಾಗಿತ್ತು ಸಾರ್, ತೆಗೆದುಬಿಟ್ಟೆ' ಎಂದು ಆತ ಉಪಕಾರ ಮಾಡಿದ ದನಿಯಲ್ಲೇ ಹೇಳಿದ. ನಮ್ಮ ಗ್ರಂಥಾಲಯಗಳಲ್ಲಿಯೂ ಎಷ್ಟೋ ಪುಸ್ತಕಗಳಿಗೆ ಆಗಿರುವುದು ಇದೇ.

ಈಗ ಬೆಲೆಯ ವಿಷಯಕ್ಕೆ ಬರೋಣ. ಹಳೆಯ ಪುಸ್ತಕವೆಂದರೆ ಬೆಲೆ ಹೆಚ್ಚು ಎಂಬುದು ಸಾಮಾನ್ಯ ತಿಳಿವಳಿಕೆ. ಇದು ತಪ್ಪು. ಇನ್ನೂರು ವರ್ಷ ಹಳೆಯ ಧರ್ಮೋಪದೇಶದ ಸಂಪುಟಗಳು ಇಂಗ್ಲೆಂಡಿನಲ್ಲಿ ಚಹಾದ ಬೆಲೆಗೆ ಸಿಗುತ್ತವೆ. 1997ರ ಮಕ್ಕಳ ಪುಸ್ತಕ ಲಕ್ಷಗಟ್ಟಲೆ ರೂಪಾಯಿಗೆ ಹೋಗುತ್ತದೆ. ಎಷ್ಟು ಜನಕ್ಕೆ ಬೇಕು, ಎಷ್ಟು ಪ್ರತಿ ಉಳಿದಿದೆ, ಯಾವ ಸ್ಥಿತಿಯಲ್ಲಿದೆ ಎಂಬ ಮೂರು ಪ್ರಶ್ನೆಗಳಿವೆ. ಇವೆಲ್ಲಕ್ಕೂ ಮೊದಲು ನಾಲ್ಕನೆಯದೊಂದಿದೆ: ಇದು ಇದೇ ಎಂದು ತೋರಿಸಲು ಆಧಾರವೇನು? ವ್ಯಾಪಾರಿ ಹಣ ಸಂಪಾದಿಸುವುದು ಈ ನಾಲ್ಕನೆಯದರಲ್ಲಿ.

ಹ್ಯಾರಿ ಪಾಟರ್ ಸರಣಿಯ ಮೊದಲ ಪುಸ್ತಕವನ್ನೇ ತೆಗೆದುಕೊಳ್ಳಿ. ಬ್ಲೂಮ್ಸ್‌ಬರಿ ಸಂಸ್ಥೆ 1997ರಲ್ಲಿ ರಟ್ಟಿನ ಹೊದಿಕೆಯ 500 ಪ್ರತಿಗಳನ್ನಷ್ಟೇ ಮೊದಲು ಅಚ್ಚು ಹಾಕಿಸಿತು, ಅವುಗಳಲ್ಲಿ ಹೆಚ್ಚಿನವು ಗ್ರಂಥಾಲಯಗಳಿಗೆ ಹೋದವು. ಗ್ರಂಥಾಲಯವೆಂದರೆ ಮುದ್ರೆ, ಚೀಟಿ, ಮಕ್ಕಳ ಕೈಯ ಎಣ್ಣೆ. 53ನೇ ಪುಟದಲ್ಲಿ ಹ್ಯಾರಿ ಶಾಲೆಗೆ ಒಯ್ಯಬೇಕಾದ ಸಾಮಾನುಗಳ ಪಟ್ಟಿಯಿದೆ, ಅದರಲ್ಲಿ 'ಒಂದು ಮಂತ್ರದಂಡ' ಎಂಬುದು ಎರಡು ಸಲ ಬಂದಿದೆ. ಹಿಂಬದಿ ಹೊದಿಕೆಯಲ್ಲಿ ಪುಸ್ತಕದ ಹೆಸರಿನದೇ ಒಂದು ಅಕ್ಷರ ಬಿಟ್ಟುಹೋಗಿದೆ. ಆದರೆ ಈ ತಪ್ಪುಗಳನ್ನು ಕಂಡ ಕೂಡಲೇ ಕುಣಿಯಬೇಡಿ. ಮಂತ್ರದಂಡದ ತಪ್ಪು ಮೊದಲ ಪೇಪರ್‌ಬ್ಯಾಕ್ ಪ್ರತಿಗಳಲ್ಲಿಯೂ ಇದೆ. ಹಕ್ಕುಸ್ವಾಮ್ಯದ ಪುಟದಲ್ಲಿ, ಎಷ್ಟನೇ ಮುದ್ರಣ ಎಂದು ತೋರಿಸುವ ಅಂಕಿಗಳ ಸಾಲು 10ರಿಂದ 1ರವರೆಗೆ ಪೂರ್ತಿ ಇರಬೇಕು, ರಟ್ಟು ಇರಬೇಕು. ಇಂಥ ಗುರುತುಗಳು ಎಲ್ಲ ಸೇರಿ ಒಂದೇ ಕಡೆ ಕೈತೋರಿಸಿದಾಗ ಮಾತ್ರ ಸಾಕ್ಷ್ಯ ಗಟ್ಟಿ.

ಗೊಂದಲ ಹೆಚ್ಚು ಇರುವುದು ಆವೃತ್ತಿ, ಮುದ್ರಣ ಎಂಬ ಪದಗಳಲ್ಲಿ. ನಮ್ಮಲ್ಲಿ ಎರಡನ್ನೂ ಒಂದೇ ಅರ್ಥದಲ್ಲಿ ಬಳಸುವವರಿದ್ದಾರೆ. ಮೊಳೆ ಜೋಡಿಸಿ ಫಾರಂ (ಯಂತ್ರಕ್ಕೆ ಏರಿಸುವ ಪುಟಗಳ ಚೌಕಟ್ಟು) ಕಟ್ಟಿದ್ದು ಒಮ್ಮೆ. ಅದರಿಂದ ಬಂದ ಎಲ್ಲ ಪ್ರತಿಗಳೂ ಒಂದು ಆವೃತ್ತಿ. ಅದೇ ಫಾರಂಗಳನ್ನು ಮತ್ತೆ ಯಂತ್ರಕ್ಕೆ ಏರಿಸಿದರೆ ಆವೃತ್ತಿ ಅದೇ, ಮುದ್ರಣ ಎರಡನೆಯದು. ಇನ್ನೊಂದು ಸೂಕ್ಷ್ಮವಿದೆ: ಅಚ್ಚಾಗಿ ಮುಗಿದ ಮೇಲೆ, ಒಂದಷ್ಟು ಪ್ರತಿ ಮಾರಾಟವಾದ ಮೇಲೆ, ಉಳಿದವುಗಳಲ್ಲಿ ಏನಾದರೂ ಬದಲಾಯಿಸುವುದು. ಇದಕ್ಕೆ ಒಳ್ಳೆಯ ಉದಾಹರಣೆ ಕಹಾನನ ಮಗನಿಂದಲೇ ಸಿಗುತ್ತದೆ. ಏಡಿ ಬರೆದ ಮೋರಿಸ್ ನಾಜಿಗಳ ಕಾಲದಲ್ಲಿ ಯಹೂದಿ ಹೆಸರನ್ನು ಬಿಟ್ಟು ತಾಯಿಯ ಮನೆತನದ ಜಿರೋದಿಯಾ ಎಂಬ ಹೆಸರು ಇಟ್ಟುಕೊಂಡಿದ್ದ. 1953ರಲ್ಲಿ ಅಪ್ಪನದೇ ದಾರಿಯಲ್ಲಿ ಒಲಿಂಪಿಯಾ ಪ್ರೆಸ್ ಸ್ಥಾಪಿಸಿದ. 1955ರಲ್ಲಿ ಅಲ್ಲಿಂದ ಬಂದದ್ದು ಅಮೆರಿಕದ ಪ್ರಕಾಶಕರು ಒಲ್ಲೆನೆಂದಿದ್ದ ನಬೊಕೊವ್‌ನ 'ಲೋಲಿಟಾ', ಹಸಿರು ಹೊದಿಕೆಯ ಎರಡು ಸಂಪುಟಗಳಲ್ಲಿ. ಹಿಂಬದಿಯಲ್ಲಿ ಅಚ್ಚಾದ ಬೆಲೆ 900 ಫ್ರಾಂಕ್. ಆಮೇಲೆ ಬೆಲೆ ಏರಿಸಿ ಉಳಿದ ಪ್ರತಿಗಳ ಮೇಲೆ 1200ರ ಚೀಟಿ ಅಂಟಿಸಿದರು. ಚೀಟಿ ಇಲ್ಲದ, ಚೀಟಿ ಕಿತ್ತ ಕಲೆಯೂ ಇಲ್ಲದ ಪ್ರತಿ ಮೊದಲಿಗೆ ಹೊರಟದ್ದು. ಒಳಗಿನ ಒಂದಕ್ಷರವೂ ಬೇರೆಯಲ್ಲ, ಬೆಲೆ ಮಾತ್ರ ಬೇರೆ. ಓದುವವನಿಗೆ ಇದು ಹುಚ್ಚು ಎನ್ನಿಸಿದರೆ ಅವನನ್ನು ದೂರಲಾರೆ. ನನಗೂ ಕೆಲವು ದಿನ ಹಾಗೇ ಅನ್ನಿಸುತ್ತದೆ.

ಆದರೆ ಈ ಹುಚ್ಚಿನ ಕಣ್ಣೇ ಒಮ್ಮೆ ದೊಡ್ಡ ಮೋಸವೊಂದನ್ನು ಹೊರಗೆಳೆಯಿತು. ಥಾಮಸ್ ವೈಸ್ ಇಂಗ್ಲೆಂಡಿನ ಪುಸ್ತಕ ಸಂಗ್ರಾಹಕರಲ್ಲಿ ಪೀಠಾಧಿಪತಿಯಂತಿದ್ದವನು. ಕವಯಿತ್ರಿ ಎಲಿಜಬೆತ್ ಬ್ರೌನಿಂಗಳ ಪ್ರೇಮ ಸುನೀತಗಳು ಎಲ್ಲರೂ ತಿಳಿದಂತೆ 1850ರಲ್ಲಿ ಮೊದಲು ಅಚ್ಚಾದವು. ಆದರೆ ಅದಕ್ಕೂ ಮೂರು ವರ್ಷ ಮೊದಲೇ, 1847ರಲ್ಲಿ, ರೆಡಿಂಗ್ ಊರಿನಲ್ಲಿ ಖಾಸಗಿಯಾಗಿ ಅಚ್ಚಾಯಿತೆನ್ನುವ ಪುಟ್ಟ ಪುಸ್ತಿಕೆಯೊಂದು ಸಂಗ್ರಾಹಕರ ನಡುವೆ ಭಾರಿ ಬೆಲೆಗೆ ಓಡಾಡುತ್ತಿತ್ತು. ಜಾನ್ ಕಾರ್ಟರ್, ಗ್ರಹಾಂ ಪೊಲಾರ್ಡ್ ಎಂಬ ಇಬ್ಬರು ಯುವ ಪುಸ್ತಕ ವ್ಯಾಪಾರಿಗಳಿಗೆ ಅನುಮಾನ ಬಂತು. ಅಷ್ಟು ಹಳೆಯ ಪುಸ್ತಿಕೆಯಾದರೆ ಒಂದಾದರೂ ಪ್ರತಿಯಲ್ಲಿ ಕವಯಿತ್ರಿಯ ಸಹಿ, ಗೆಳೆಯರಿಗೆ ಕೊಟ್ಟ ಬರಹ ಯಾಕಿಲ್ಲ? ಎಲ್ಲವೂ ಹೊಚ್ಚ ಹೊಸದರಂತೆ ಯಾಕಿವೆ? ಕಾಗದದ ಚೂರನ್ನು ಸೂಕ್ಷ್ಮದರ್ಶಕದಡಿ ಇಟ್ಟರು. ಅದರಲ್ಲಿ ರಾಸಾಯನಿಕವಾಗಿ ಹದಮಾಡಿದ ಮರದ ತಿರುಳಿತ್ತು. ಇಂಗ್ಲೆಂಡಿನಲ್ಲಿ ಆ ಬಗೆಯ ಕಾಗದ 1874ಕ್ಕಿಂತ ಮೊದಲು ಇರಲೇ ಇಲ್ಲ. ಅಚ್ಚುಮೊಳೆಯ ಒಂದೆರಡು ಅಕ್ಷರಗಳ ಬಾಲವೂ ಆಮೇಲಿನ ಕಾಲದ್ದು. 1934ರಲ್ಲಿ, ಅಂದರೆ ಪ್ಯಾರಿಸ್ಸಿನಲ್ಲಿ ಏಡಿ ಹೊರಬಂದ ವರ್ಷವೇ, ಇಬ್ಬರೂ ತಮ್ಮ ತನಿಖೆಯನ್ನು ಪ್ರಕಟಿಸಿದರು. ಹೀಗೆ ಸಿಕ್ಕಿಬಿದ್ದದ್ದು ಒಂದಲ್ಲ, ಹಲವು ಪುಸ್ತಿಕೆಗಳು. ಇವನ್ನು ಸಂಗ್ರಾಹಕರ ನಡುವೆ ಹರಡಿದ ವೈಸನೇ ಅಪರಾಧಿ ಎಂದು ಬಾಯಿಬಿಟ್ಟು ಹೇಳಲಿಲ್ಲ, ಹೇಳದೆಯೂ ಬಿಡಲಿಲ್ಲ.

ಇಲ್ಲಿ ನಟನಿಗೆ ಏನು ಅನುಕೂಲ? ಕಾಗದದ ನಾರು ಓದಲು ನಟನೆ ಕಲಿಸುವುದಿಲ್ಲ. ಆದರೆ ರಂಗಭೂಮಿ, ಸಿನಿಮಾಗಳ ಕಾಗದಗಳು ಈಗ ಈ ವ್ಯಾಪಾರದಲ್ಲೇ ಒಂದು ದೊಡ್ಡ ಭಾಗ. ಚಿತ್ರೀಕರಣಕ್ಕೆ ಮೊದಲು ಹಂಚುವ ಚಿತ್ರಕಥೆ ಬಿಳಿ ಹಾಳೆಯದು. ದಿನದಿನವೂ ಬದಲಾವಣೆಯಾದಂತೆ ನೀಲಿ, ಗುಲಾಬಿ, ಹಳದಿ ಹಾಳೆಗಳು ಒಳಗೆ ಸೇರುತ್ತಾ ಹೋಗುತ್ತವೆ. ಹಾಗಾಗಿ ಒಂದು ಪ್ರತಿಯ ಬಣ್ಣಗಳನ್ನು ನೋಡಿಯೇ ಅದು ಚಿತ್ರೀಕರಣದ ಯಾವ ಹಂತದ್ದು ಎಂದು ಹೇಳಬಹುದು. ಅಂಚಿನಲ್ಲಿ ಪೆನ್ಸಿಲಿನಿಂದ ಗೀಚಿದ್ದು ನಟನದೋ, ನಿರ್ದೇಶಕನದೋ, ದೃಶ್ಯಗಳ ಲೆಕ್ಕ ಇಡುವ ಸಹಾಯಕಿಯದೋ ಎಂಬುದು ಸೆಟ್ಟಿನಲ್ಲಿ ದಿನ ಕಳೆದವರಿಗೆ ಬೇಗ ಹೊಳೆಯುತ್ತದೆ. ನಾಟಕದ ಹಸ್ತಪ್ರತಿಗಳ ಮಾತೂ ಹೀಗೆಯೇ. ಬ್ರಿಟನ್ನಿನಲ್ಲಿ 1968ರವರೆಗೆ ಪ್ರತಿ ಹೊಸ ನಾಟಕವೂ ಅರಮನೆಯ ಅಧಿಕಾರಿಯಾದ ಲಾರ್ಡ್ ಚೇಂಬರ್ಲೇನ್ ಕಚೇರಿಯಿಂದ ಅನುಮತಿ ಪಡೆಯಬೇಕಿತ್ತು. ನೀಲಿ ಪೆನ್ಸಿಲಿನ ಆ ಕಚೇರಿಗೂ, ಕಹಾನನನ್ನು ಹುಟ್ಟಿಸಿದ ಕಾನೂನಿಗೂ ಹತ್ತಿರದ ನೆಂಟಸ್ತನ.

ಇಂದು ಇಂಥ ವ್ಯಾಪಾರಿಗಳಲ್ಲಿ ಅನೇಕರಿಗೆ ಅಂಗಡಿಯೇ ಇಲ್ಲ. ಕ್ಯಾಟಲಾಗ್, ಮೇಳ, ಹರಾಜು, ಇಮೇಲ್, ಇಷ್ಟೇ. 1906ರಲ್ಲಿ ಸ್ಥಾಪನೆಯಾದ ಬ್ರಿಟನ್ನಿನ ಹಳೆಯ ಪುಸ್ತಕಗಳ ವ್ಯಾಪಾರಿಗಳ ಸಂಘ ಈಗಲೂ ಇದೆ, ಅದರ ಅಂತರರಾಷ್ಟ್ರೀಯ ಒಕ್ಕೂಟಕ್ಕೂ 1947ರಿಂದ ಆಯುಸ್ಸು. ಮಾರುಕಟ್ಟೆಯ ಲಯ ಮಾತ್ರ ಅಂತರ್ಜಾಲದಿಂದ ತಲೆಕೆಳಗಾಯಿತು. ಹಿಂದೆ ಲಂಡನ್ನಿನಲ್ಲಿ ಒಂದು ಪ್ರತಿ ಕಂಡರೆ ಅದು ಅಪರೂಪ ಎನ್ನಬಹುದಿತ್ತು. ಈಗ ಮೊಬೈಲಿನಲ್ಲಿ ಹುಡುಕಿದರೆ ಅದರ ನಲವತ್ತು ಅಣ್ಣತಮ್ಮಂದಿರು ಸಾಲಾಗಿ ನಿಲ್ಲುತ್ತಾರೆ. ಹಾಗಾಗಿ ಮಧ್ಯಮ ದರ್ಜೆಯ ಹಳೆಯ ಪುಸ್ತಕಗಳ ಬೆಲೆ ಕುಸಿಯಿತು. ಲೇಖಕ ಗೆಳೆಯನಿಗೆ ಬರೆದುಕೊಟ್ಟ ಪ್ರತಿ, ಪತ್ರ, ತಿದ್ದಿದ ಕರಡು, ಚಿತ್ರಕಥೆ, ಹೀಗೆ ಲೋಕದಲ್ಲಿ ಒಂದೇ ಒಂದು ಇರುವ ವಸ್ತುಗಳ ಬೆಲೆ ಏರಿತು. ಅಂಥವನ್ನು ಮಾರಲು ಪಕ್ಕದ ಅಂಗಡಿಯ ಬೆಲೆ ನೋಡಿಕೊಂಡರೆ ಸಾಲದು. ಇದು ಏನು, ಯಾಕೆ ಮುಖ್ಯ ಎಂದು ಒಂದು ಪುಟದಲ್ಲಿ ಬರೆಯಲು ಬರಬೇಕು. ಒಬೆಲಿಸ್ಕಿನ ಸೂಚಿಗಾಗಿ ಪಿಯರ್ಸನ್ ಮಾಡಿದ್ದು ಅದನ್ನೇ, ಮರೆತುಹೋದ ಲೇಖಕರಿಗೂ ಸೇರಿಸಿ.

ನಟನೆಯನ್ನು ಅವರು ಬಿಟ್ಟಿಲ್ಲ. 2024ರಲ್ಲಿ 'ಡ್ರಾಪ್ ದಿ ಡೆಡ್ ಡಾಂಕಿ' ನಾಟಕವಾಗಿ ಬ್ರಿಟನ್ನಿನ ಊರೂರು ಸುತ್ತಿದಾಗ ಡೇವ್ ಚಾರ್ನ್‌ಲಿ ಆಗಿ ಮತ್ತೆ ರಂಗಕ್ಕೆ ಬಂದರು, ಮೂವತ್ತು ವರ್ಷ ಹೆಚ್ಚು ವಯಸ್ಸಿನ ಡೇವ್ ಆಗಿ.

ಲಂಡನ್ನಿಗೆ ಹೋಗುವವರು ಚೇರಿಂಗ್ ಕ್ರಾಸ್ ರಸ್ತೆಯಿಂದ ಸೆಸಿಲ್ ಕೋರ್ಟ್ ಎಂಬ ಗಲ್ಲಿಗೆ ತಿರುಗಿ ನೋಡಬೇಕು. ಎರಡೂ ಬದಿ ಹಳೆಯ ಪುಸ್ತಕ, ನಕ್ಷೆ, ಚಿತ್ರಗಳ ಅಂಗಡಿಗಳು, ಹಸಿರು ಬಣ್ಣದ ಮುಂಭಾಗ, ತೂಗುಹಾಕಿದ ಫಲಕಗಳು. ಎಂಟು ವರ್ಷದ ಮೊಜಾರ್ಟ್ 1764ರಲ್ಲಿ ಲಂಡನ್ನಿಗೆ ಬಂದಾಗ ಕುಟುಂಬ ಆರಂಭದ ದಿನಗಳಲ್ಲಿ ಉಳಿದುಕೊಂಡದ್ದು ಇಲ್ಲಿ, ಒಬ್ಬ ಕ್ಷೌರಿಕನ ಮನೆಯಲ್ಲಿ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಇದೇ ಗಲ್ಲಿ ಬ್ರಿಟಿಷ್ ಸಿನಿಮಾದ ತವರಾಗಿತ್ತು. ಗೋಮಾನ್, ಹೆಪ್‌ವರ್ತ್ ಮೊದಲಾದ ಕಂಪನಿಗಳ ಕಚೇರಿಗಳು ಇಲ್ಲಿದ್ದವು, ಜನ ಇದನ್ನು 'ಫ್ಲಿಕರ್ ಆಲಿ' ಎಂದು ಕರೆಯುತ್ತಿದ್ದರು. ಆಗ ಚಿತ್ರಗಳನ್ನು ಬಟ್ಟೆಯಂತೆ ಅಡಿಯ ಲೆಕ್ಕದಲ್ಲಿ ಮಾರುತ್ತಿದ್ದರು. ಯಾವ ಚಿತ್ರ ಎಷ್ಟು ಅಡಿ, ಬೆಲೆ ಎಷ್ಟು ಎಂದು ಆ ಕಂಪನಿಗಳು ಹಂಚುತ್ತಿದ್ದ ಪಟ್ಟಿಗಳು ಈಗ ಪುಸ್ತಕ ವ್ಯಾಪಾರಿಗಳು ಕಣ್ಣಿಟ್ಟು ಹುಡುಕುವ ಸರಕು.